ಬೂದಿಚುಕ್ಕೆಗೆ ಬೂದಿಚುಕ್ಕೆ ಬೇಡ ಅಂದದ್ದಕ್ಕೆ

ಒಂದು ನಿಮಿಷ, ಇದನ್ನು ಬಿಟ್ಟು ಮುಂದೆ ಹೋಗಬೇಡಿ. ನಾಯಿಯ ಬಣ್ಣದ ವಿಷಯ ನಮಗೇಕೆ ಅಂತ ಅನ್ನಿಸಬಹುದು. ಆದರೂ ಕಾಯಿರಿ, ತಟ್ಟೆ ಬಡಿಯುವ ಜಾಗದವರೆಗಾದರೂ ಬನ್ನಿ. ಅದರಾಚೆಗೆ ಇದು ನಾಯಿಯ ವಿಷಯವಾಗಿ ಉಳಿಯಲಿಲ್ಲ. ನನ್ನ ಮದುವೆಯ ವಿಷಯವಾಯಿತು.

ನಾನು ಕೊರಟಗೆರೆಯಲ್ಲಿ ಬೀಜ, ಗೊಬ್ಬರ ಮಾರುವ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಊರು ತೋವಿನಕೆರೆ ಕಡೆ. ಓದಿದ್ದು ಕಾಮರ್ಸ್. ತಳಿಶಾಸ್ತ್ರ ಅನ್ನುವುದನ್ನು ನನಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ, ಎಲ್ಲಾ ಫೋನಿನಲ್ಲಿ ನೋಡಿ ಕಲಿತದ್ದು. ಶುರುವಾದದ್ದು ನಮ್ಮ ಮನೆಯ ಕರಿ ನಾಯಿಯಿಂದ. ಅದಕ್ಕೆ ಎದುರುಮನೆಯ ಕರಿ ನಾಯಿಯೇ ಜೊತೆ, ಎಲ್ಲರೂ ನೋಡಿದ್ದೇವೆ. ಆದರೂ ಮರಿಗಳಲ್ಲಿ ಒಂದು ಬೆಲ್ಲದ ಬಣ್ಣದ್ದು ಹುಟ್ಟಿತು. ಅಮ್ಮ ಆ ಬೀದಿಯ ಕಂದು ನಾಯಿಗಳ ಮೇಲೆಲ್ಲಾ ಅನುಮಾನಪಟ್ಟಳು. ನನಗೆ ಸಮಾಧಾನವಾಗಲಿಲ್ಲ. ಹುಡುಕುತ್ತಾ ಹೋದಾಗ ತಿಳಿಯಿತು: ಕರಿ ತಾಯಿ, ಕರಿ ತಂದೆ ಇಬ್ಬರೂ ಒಳಗೊಳಗೆ ಒಂದೊಂದು ಕಂದು ಗುಣವನ್ನು ಬಚ್ಚಿಟ್ಟುಕೊಂಡಿರಬಹುದು, ಎರಡೂ ಕಡೆಯದು ಒಂದೇ ಮರಿಗೆ ಬಂದಾಗ ಮಾತ್ರ ಅದು ಹೊರಗೆ ಕಾಣುತ್ತದೆ. ಅವತ್ತು ನನಗಾದ ಖುಷಿ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಆಮೇಲೆ ಎಲ್ಲಿ ಹೋದರೂ ಇದೇ ಗುಂಗು. ಸಿರಾದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುವ ಸಾಹೇಬರೊಬ್ಬರನ್ನು ಹಿಡಿದುಕೊಂಡು ಅವರ ಬಿಳಿ ಕುದುರೆಯ ಅಪ್ಪ ಯಾವ ಬಣ್ಣ, ಅಮ್ಮ ಯಾವ ಬಣ್ಣ ಅಂತ ಪೀಡಿಸಿದ್ದೇನೆ. ಗುಲಾಬಿ ಚರ್ಮದ ಹಾಲುಬಿಳಿ ಕುದುರೆಗೆ ಅವರು ನುಕ್ರಾ ಅನ್ನುತ್ತಾರೆ. ಬಂದವರೆಲ್ಲಾ ನುಕ್ರಾ ಬೇಕು ಅಂತಾರೆ, ಬಣ್ಣ ನೋಡಿದವರು ಕಾಲು ನೋಡಲ್ಲ ಬೇಟಿ, ಅಂತ ಅವರು ನಕ್ಕಿದ್ದರು. ಮೂರನೇ ಸಲ ಹೋದಾಗ ನನ್ನನ್ನು ಕಂಡು ಅವರೇ ಲಾಯದ ಹಿಂದಕ್ಕೆ ಸರಿದುಕೊಂಡರು.

ಈಗ ಅತ್ತೆಯ ವಿಷಯ. ಅತ್ತೆ ಅಂದರೆ ನಮ್ಮ ಅಪ್ಪನ ಅಕ್ಕ. ಬಡವನಹಳ್ಳಿಯಿಂದ ಒಳಕ್ಕೆ ಹೋದರೆ ಗುಡ್ಡದ ಬುಡದಲ್ಲಿ ಒಂದು ಹಳ್ಳಿ, ಅಲ್ಲಿ ಅವಳ ಮನೆ. ಮಾವ ತೀರಿಕೊಂಡ ಮೇಲೂ ಅವಳು ಕುರಿ ಮಾರಲಿಲ್ಲ. ಹಿಂಡು ತನ್ನದು, ತಾನೇ ನೋಡಿಕೊಳ್ಳುತ್ತೇನೆ ಅಂದಳು, ನೋಡಿಕೊಂಡಳು ಕೂಡ. ಒಬ್ಬನೇ ಮಗ, ಮಧುಗಿರಿಯಲ್ಲಿ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುತ್ತಾನೆ. ನನಗಿಂತ ದೊಡ್ಡವನು, ಅವನನ್ನು ನಾನು ಭಾವ ಅನ್ನುತ್ತೇನೆ. ನಾನು ಲಂಗ ಹಾಕುತ್ತಿದ್ದ ಕಾಲದಿಂದಲೂ ಅತ್ತೆ ನನ್ನನ್ನು ಸೊಸೆ ಅಂತಲೇ ಕರೆಯುವುದು. ನಮ್ಮಲ್ಲಿ ತಮ್ಮನ ಮಗಳೂ ಸೊಸೆಯೇ, ಮಗನ ಹೆಂಡತಿಯೂ ಸೊಸೆಯೇ. ಯಾವ ಅರ್ಥದಲ್ಲಿ ಕರೆಯುತ್ತಿದ್ದಾಳೆ ಅಂತ ಯಾರೂ ಕೇಳಿರಲಿಲ್ಲ. ಕೇಳಬೇಕಾದ ಅಗತ್ಯವೇ ಇಲ್ಲ ಅನ್ನುವಂತೆ ಎರಡೂ ಮನೆಯವರು ಇದ್ದರು. ನಾನೂ ಬೇಡ ಅಂದಿರಲಿಲ್ಲ. ಬೇಕು ಅಂತ ಬಾಯಿಬಿಟ್ಟು ಹೇಳುವ ಪ್ರಸಂಗವೂ ಬಂದಿರಲಿಲ್ಲ.

ಕುರಿ ಕೂಡುವ ಅತ್ತೆಯ ರೊಪ್ಪದ ಮುಂದೆ ಒಂದು ಹೆಣ್ಣು ನಾಯಿ ಇತ್ತು. ಆ ಗುಡ್ಡದಲ್ಲಿ ಚಿರತೆ ಇರುವುದರಿಂದ ನಾಯಿಯಿಲ್ಲದ ರೊಪ್ಪ ಬಾಗಿಲಿಲ್ಲದ ಮನೆ ಇದ್ದಂತೆ. ಕರಿ ಮೈಯ ಮೇಲೆ ಯಾರೋ ಒಲೆಯ ಬೂದಿಯನ್ನು ಹಿಡಿಹಿಡಿಯಾಗಿ ಎರಚಿದ ಹಾಗೆ ಅದರ ಮೈತುಂಬ ತೇಪೆ, ಒಂದು ಕಣ್ಣು ಗೋಲಿಯ ಹಾಗೆ ನೀಲಿ. ಊರವರು ಬೂದಿಚುಕ್ಕೆ ಅನ್ನುತ್ತಿದ್ದರು. ಯಾವ ಕಾಲದಲ್ಲೋ ಯಾವುದೋ ತೋಟದ ಮನೆಯ ದೊಡ್ಡ ಜಾತಿ ನಾಯಿಯಿಂದ ಆ ಬಣ್ಣ ಇಳಿದು ಬಂದಿರಬೇಕು. ನೋಡಿದವರೆಲ್ಲಾ ಅದರ ಮರಿ ಬೇಕು ಅನ್ನುತ್ತಿದ್ದರು. ಹಾಗಾಗಿ ಅತ್ತೆ ಪಾವಗಡದ ಕಡೆಯ ಒಬ್ಬ ಕುರಿಯವನ ಹತ್ತಿರ ಇದ್ದ ಇನ್ನೊಂದು ಬೂದಿಚುಕ್ಕೆ ಗಂಡು ನಾಯಿಗೇ ಇದನ್ನು ಕ್ರಾಸ್ ಮಾಡಿಸುವುದು ಅಂತ ತೀರ್ಮಾನಿಸಿದಳು. ಅತ್ತೆಯ ನಾಯಿಯ ತಾಯಿ ಬಂದದ್ದೂ ಅವನ ಹಟ್ಟಿಯಿಂದಲೇ. ಅವನ ಗಂಡು ನಾಯಿ ಆ ತಾಯಿಗೆ ಒಡಹುಟ್ಟಿದ್ದು. ಅಂದರೆ ಅತ್ತೆಯ ನಾಯಿಗೆ ಅದು ಸೋದರಮಾವ. ಇದು ಅತ್ತೆಗೆ ಇನ್ನಷ್ಟು ಸಂತೋಷ ಕೊಟ್ಟಿತ್ತು. ಅವಳೇ ತನ್ನ ಸೋದರಮಾವನನ್ನು ಮದುವೆಯಾದವಳು.

"ಗಂಡು ನೋಡೋಕೆ ಹೋಗವಾ ಬಾರೇ" ಅಂತ ನನಗೆ ಫೋನ್ ಮಾಡಿದಳು. ಭಾನುವಾರ ಭಾವ ಯಾರದೋ ವ್ಯಾನ್ ತಂದ. ಅತ್ತೆ ಮುಂದೆ, ನಾನು ಹಿಂದೆ. ದಾರಿಯುದ್ದಕ್ಕೂ ಬೀಗರ ಮನೆಗೆ ಬಾಳೆಹಣ್ಣು ತರಲಿಲ್ಲ, ಎಲೆ ಅಡಿಕೆ ತರಲಿಲ್ಲ ಅಂತ ಭಾವ ಅತ್ತೆಯನ್ನು ರೇಗಿಸುತ್ತಿದ್ದ. ಅತ್ತೆ ನಗುತ್ತಿದ್ದಳು.

ಆ ಕುರಿಯವನು ಮಾತಿನ ಮಲ್ಲ. ಅರ್ಧ ಕನ್ನಡ, ಅರ್ಧ ತೆಲುಗು. ಗಂಡು ನಾಯಿಯನ್ನು ಹಿಡಿದು ತೋರಿಸಿದ. ನಿಜಕ್ಕೂ ಚೆನ್ನಾಗಿತ್ತು, ಎದೆ ಅಗಲ, ನಡಿಗೆ ಗಂಭೀರ. ಅದಕ್ಕೂ ಅಲ್ಲೇ ಇದ್ದ ಇನ್ನೊಂದು ಬೂದಿಚುಕ್ಕೆ ಹೆಣ್ಣಿಗೂ ಹುಟ್ಟಿದ ಮರಿಗಳು ಅಂಗಳದಲ್ಲಿ ಓಡಾಡುತ್ತಿದ್ದವು. ಕೆಲವು ಕರಿ, ಕೆಲವು ಬೂದಿಚುಕ್ಕೆ. ಒಂದು ಮಾತ್ರ ಹೆಚ್ಚೂಕಡಿಮೆ ಪೂರಾ ಬಿಳಿ.

ನಮ್ಮ ಕಡೆ ರೊಪ್ಪಕ್ಕೆ ಮರಿ ಆರಿಸುವುದಕ್ಕೆ ಒಂದು ಪದ್ಧತಿ ಇದೆ. ಮರಿಗಳ ತಲೆಯ ಮೇಲೆ ತಟ್ಟೆ ಹಿಡಿದು ಸೌಟಿನಿಂದ ಬಡಿಯುತ್ತಾರೆ. ಬೆದರಿ ಓಡಿದ ಮರಿ ಬೇಡ. ಕದಲದೆ ಕೂತದ್ದು ಗಟ್ಟಿ ಎದೆಯದು, ಚಿರತೆ ಬಂದರೂ ನಿಲ್ಲುತ್ತದೆ ಅಂತ ಲೆಕ್ಕ. ಕುರಿಯವನು ಒಳಗಿನಿಂದ ಸ್ಟೀಲ್ ತಟ್ಟೆ ತಂದು ಬಡಿದ. ಮರಿಗಳೆಲ್ಲಾ ಎದ್ದೆನೋ ಬಿದ್ದೆನೋ ಅಂತ ಮಂಚದ ಕೆಳಗೆ ನುಗ್ಗಿದವು. ಬಿಳಿ ಮರಿ ಮಾತ್ರ ಬಿಸಿಲಿಗೆ ಮುಖ ಮಾಡಿ ಕೂತೇ ಇತ್ತು. ಅವನ ಮುಖ ಅರಳಿತು.

"ಚೂಡಮ್ಮಾ, ಕದಲ್ದು. ಸಿಂಹಂ ಗುಂಡೆ ಇದ್ರದ್ದು. ಪಟಾಕಿ ಹೊಡುದ್ರೂ ಇಂಗೇ ಕುಂತಿರ್ತೈತಿ."

ಸಿಂಹದ ಎದೆ. ಅತ್ತೆ ತಲೆದೂಗಿ, ನಮ್ಮ ನಾಯಿಗೂ ಇಂಥದ್ದೇ ಹುಟ್ಟಬೇಕು ಅಂದಳು. ನಾನು ಮಾತ್ರ ಫೋನಿನಲ್ಲಿ ಓದಿದ್ದನ್ನು ಕಣ್ಣಾರೆ ನೋಡುತ್ತಿದ್ದೆ. ಬ್ಯಾಗಿನಲ್ಲಿ ಒಂದು ಬಿಸ್ಕತ್ ಪೊಟ್ಟಣ ಇತ್ತು. ಬಿಳಿ ಮರಿಯ ಹಿಂದೆ, ಅದಕ್ಕೆ ಕಾಣದ ಹಾಗೆ ಕುಕ್ಕರಗಾಲಿನಲ್ಲಿ ಕೂತು ಪೊಟ್ಟಣವನ್ನು ಚರಚರ ಹರಿದೆ. ಮಂಚದ ಕೆಳಗಿದ್ದವೆಲ್ಲಾ ಹೆದರಿಕೆ ಮರೆತು ಓಡಿಬಂದವು. ಬಿಳಿ ಮರಿ ತಿರುಗಲಿಲ್ಲ. ಪಕ್ಕದಲ್ಲಿ ಉಳಿದವು ಕಿತ್ತಾಡತೊಡಗಿದಾಗಲೇ ಅದು ಬೆಚ್ಚಿ ನೋಡಿದ್ದು. ಅದಕ್ಕೆ ಧೈರ್ಯವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ತಟ್ಟೆಯ ಸದ್ದೇ ಅದರ ಕಿವಿಗೆ ಬಿದ್ದಿರಲಿಲ್ಲ.

ವಿಷಯ ಇಷ್ಟು. ಬೂದಿಚುಕ್ಕೆ ಒಂದು ಕಡೆಯಿಂದ ಮಾತ್ರ ಬಂದರೆ ಸಾಮಾನ್ಯವಾಗಿ ಮರಿ ಚೆನ್ನಾಗಿಯೇ ಇರುತ್ತದೆ. ತಾಯಿಯಿಂದಲೂ ತಂದೆಯಿಂದಲೂ ಬಂದರೆ ಮೈ ಬಿಳಿಯಾಗುತ್ತದೆ, ಅಂಥ ಎಷ್ಟೋ ಮರಿಗಳಿಗೆ ಕಿವಿ ಕೇಳುವುದಿಲ್ಲ, ಕೆಲವಕ್ಕೆ ಕಣ್ಣೂ ಸರಿಯಿರುವುದಿಲ್ಲ. ಎರಡು ನಾಯಿಗಳು ನೆಂಟರೇ ಆಗಬೇಕಿಲ್ಲ. ಒಂದು ಪಾವಗಡದ್ದು, ಇನ್ನೊಂದು ಕಾಶ್ಮೀರದ್ದಾದರೂ, ಎರಡೂ ಬೂದಿಚುಕ್ಕೆಯಾದರೆ ಇದೇ ಫಲ. ಇದರ ಮೇಲೆ ನಾವು ತಟ್ಟೆ ಬಡಿದು ಕಿವಿ ಕೇಳದ ಮರಿಯನ್ನೇ ಆರಿಸಿ, ಅದನ್ನೇ ಚಿರತೆ ಬರದ ಹಾಗೆ ಕಾಯಲು ಕೂರಿಸುತ್ತಿದ್ದೇವೆ.

ಇದನ್ನು ಹೀಗೆಯೇ ಹೇಳಬಹುದಾಗಿತ್ತು. ವಾಪಸ್ ಬರುವಾಗ ವ್ಯಾನಿನ ಸದ್ದು, ಕಿಟಕಿಯ ಗಾಳಿ, ಮುಂದೆ ಕೂತ ಅತ್ತೆಗೆ ಹಿಂದಿನಿಂದ ಕೂಗಿ ಹೇಳಬೇಕು. ಉದ್ದಕ್ಕೆ ಹೇಳಿದರೆ ಅರ್ಥವಾಗಲ್ಲ ಅಂದುಕೊಂಡು ಚಿಕ್ಕದು ಮಾಡಿದೆ.

"ಅತ್ತೆ, ಒಳಸಂಬಂಧ ಬ್ಯಾಡ. ಹುಟ್ಟೋವು ಕಿವುಡಾಯ್ತವೆ."

ಅತ್ತೆ ಹಿಂದಕ್ಕೆ ತಿರುಗಿದಳು. "ಯಾರ ಇಸ್ಯ ಯೋಳ್ತಿದ್ದೀಯೇ?"

"ನಾಯಿ ಇಸ್ಯ ಕಣತ್ತೆ."

"ನಾಯಿ ಇಸ್ಯ" ಅಂತ ತಾನೂ ಒಂದು ಸಲ ಹೇಳಿ ಅತ್ತೆ ಮುಂದೆ ನೋಡತೊಡಗಿದಳು. ನಾನು ಸಂಜೆ ಬಸ್ಸಿಗೆ ಹೊರಟಾಗ ಯಾವಾಗಲೂ ಕೊಡುತ್ತಿದ್ದ ತುಪ್ಪದ ಡಬ್ಬಿ ಇರಲಿಲ್ಲ. ಮರೆತಳೇನೋ ಅಂದುಕೊಂಡೆ. ನೋಡಿ, ನಾಯಿಯ ಕಿವಿಯನ್ನು ಅಷ್ಟು ಬೇಗ ಪತ್ತೆ ಮಾಡಿದವಳಿಗೆ ಇದು ಹೊಳೆಯಲಿಲ್ಲ.

ನಾನು ಮನೆ ಸೇರುವಷ್ಟರಲ್ಲಿ ಅತ್ತೆ ಅಪ್ಪನಿಗೆ ಫೋನ್ ಮಾಡಿ ಆಗಿತ್ತು. ಅಪ್ಪ ಎದ್ದು ಹಸುಗಳ ಹತ್ತಿರ ಹೋದ. ಅಮ್ಮ ಬಾಗಿಲಲ್ಲೇ ಹಿಡಿದುಕೊಂಡಳು. ಒಪ್ಪಿಗೆ ಇಲ್ಲದಿದ್ದರೆ ಮನೆಯಲ್ಲಿ ಹೇಳಬೇಕಿತ್ತಂತೆ. ಅವರು ತಂದ ವ್ಯಾನಿನಲ್ಲಿ ಕೂತು, ಆ ಹುಡುಗನ ಎದುರಿಗೇ, ನಾಯಿಯ ಮೇಲೆ ಹಾಕಿ ಹೇಳುವುದಾ? ಅದನ್ನು ಅಪ್ಪ ಅಮ್ಮನೇ ನನಗೆ ಹೇಳಿಕೊಟ್ಟು ಕಳಿಸಿದ್ದಾರೆ ಅಂತ ಅತ್ತೆ ತಿಳಿದಿದ್ದಾಳಂತೆ. ಕೊನೆಗೆ ಅಮ್ಮ ಅತ್ತೆಯ ಮಾತನ್ನು ಇದ್ದ ಹಾಗೇ ಒಪ್ಪಿಸಿದಳು. "ಸೋದರಮಾವನ್ನ ಕಟ್ಕಂಡವಳು ನಾನು, ನನ್ ಮುಂದೆ ಕುಂತು ಇಂಗಂತಾಳಲ್ಲ ನಿನ್ ಮಗಳು ಅಂದ್ಲು. ಏನ್ ಯೋಳ್ಲೇ ನಾನು?"

ನಾಯಿಯ ವಿಷಯ ಅಂತ ಎಷ್ಟು ಹೇಳಿದರೂ ಅಮ್ಮ ನಂಬಲಿಲ್ಲ. ಮರುದಿನ ಅತ್ತೆಗೆ ಫೋನ್ ಮಾಡಿದೆ, ತೆಗೆಯಲಿಲ್ಲ. ಬಣ್ಣ, ಕಿವಿ, ಎರಡು ಕಡೆ, ಎಲ್ಲವನ್ನೂ ಬಿಡಿಸಿ ವಾಟ್ಸಾಪಿನಲ್ಲಿ ದನಿ ಕಳಿಸಿದೆ. ಅದನ್ನು ಅವಳು ಕೇಳಲೇ ಇಲ್ಲ.

ಅತ್ತೆಯ ಫೋನಿನಲ್ಲಿ ಅದನ್ನು ಕೇಳಿಸಿಕೊಂಡದ್ದು ಭಾವ. ವಾರದೊಳಗೆ ಅಂಗಡಿಗೆ ಬಂದ. ಗೊಬ್ಬರದ ಮೂಟೆಗಳ ಮಗ್ಗುಲಲ್ಲಿ ನಿಂತು, ನಮ್ಮ ಮಾಲೀಕರು ಊಟಕ್ಕೆ ಹೋಗುವವರೆಗೂ ಸುಮ್ಮನೆ ಬೀಜದ ಪೊಟ್ಟಣಗಳನ್ನು ತಿರುಗಿಸಿ ನೋಡಿದ. ಆಮೇಲೆ ಕೇಳಿದ.

"ನಾಯಿಗ್ ಯೋಳಿದ್ದೋ, ನಂಗ್ ಯೋಳಿದ್ದೋ? ಅದೊಂದ್ ಯೋಳ್ಬುಡು."

ನಾಯಿಗೆ ಅಂದೆ. ಚುಕ್ಕೆಯ ಕಥೆಯನ್ನೆಲ್ಲಾ ಇನ್ನೊಮ್ಮೆ ಹೇಳಿದೆ. ಸಂಬಂಧ ಅನ್ನುವ ಪದ ತಪ್ಪಾಗಿ ಬಂತು, ಚುಕ್ಕೆಗೆ ಚುಕ್ಕೆ ಬೇಡ ಅನ್ನಬೇಕಾಗಿತ್ತು ಅಂದೆ. ಅವನು ತನ್ನ ಕೈಯನ್ನು ಎರಡೂ ಕಡೆ ತಿರುಗಿಸಿ ನೋಡಿಕೊಂಡ. "ಅಂಗಾದ್ರೆ ನಂಗೇನ್ ಚುಕ್ಕೆ ಇಲ್ಲ ಬುಡು" ಅಂದ. ನನಗೆ ನಗು ಬಂತು. ಆ ವಾರದಲ್ಲಿ ಅದೇ ಮೊದಲು.

ಅವನು ಅಷ್ಟಕ್ಕೆ ಹೊರಟಿದ್ದರೆ ಚೆನ್ನಾಗಿತ್ತು. ಬಾಗಿಲವರೆಗೆ ಹೋಗಿ ತಿರುಗಿ ಬಂದ. "ಕಾಣ್ದಂಗೂ ಇರ್ತಾವಾ ಅಂಥವು? ಮನುಷ್ರಲ್ಲಿ?"

ಮೋಟಾರಿನ ವೈಂಡಿಂಗ್ ಸುಟ್ಟಿದೆಯೋ ಇಲ್ಲವೋ ಅಂತ ಹೊರಗಿನಿಂದಲೇ ಹೇಳುವವನು ಅವನು. ಅವನಿಗೆ ಸುಳ್ಳು ಹೇಳುವುದು ಕಷ್ಟ. ನಮ್ಮ ಕರಿ ನಾಯಿಗೆ ಹುಟ್ಟಿದ ಬೆಲ್ಲದ ಬಣ್ಣದ ಮರಿಯ ವಿಷಯ ಹೇಳಿದೆ. ಮನುಷ್ಯರಲ್ಲೂ ಹಾಗೆ ಕಾಣದೆ ಇರುವವು ಇರುತ್ತವೆ, ಒಂದೇ ಮನೆತನದಲ್ಲಿ ಇಬ್ಬರ ಹತ್ತಿರವೂ ಒಂದೇ ಇರುವ ಸಾಧ್ಯತೆ ಹೊರಗಿನವರಿಗಿಂತ ಜಾಸ್ತಿ, ಹಾಗಂತ ಆಗಿಯೇ ಆಗುತ್ತದೆ ಅಂತಲ್ಲ, ಸಂಬಂಧದಲ್ಲೇ ಮದುವೆಯಾದ ಎಷ್ಟೋ ಜನರ ಮಕ್ಕಳು ಚೆನ್ನಾಗಿದ್ದಾರೆ, ನಿನ್ನನ್ನೇ ನೋಡಿಕೋ ಅಂದೆ. ನಾನು ಓದಿರುವುದು ನಾಯಿಯ ಬಣ್ಣ, ಮನುಷ್ಯರ ವಿಷಯಕ್ಕೆ ಬೇರೆ ಡಾಕ್ಟರೇ ಇರುತ್ತಾರೆ ಅಂತಲೂ ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಗೊತ್ತಾಯಿತು, ನಾಯಿಯ ವಿಷಯ ಮುಗಿದು ಎಷ್ಟೋ ಹೊತ್ತಾಗಿತ್ತು.

"ಇಷ್ಟ ಇಲ್ವಾ ನಿಂಗೆ?" ಅಂತ ಕೇಳಿದ.

"ಇಲ್ಲ ಅಂತ ಯಾವತ್ತಂದೆ ನಾನು?"

ಅವನು ಮೂಟೆಯ ಮೇಲೆ ಕೂತುಬಿಟ್ಟ. ಆಮೇಲೆ, ಅತ್ತೆ ನಾಯಿಯನ್ನು ಆಗಲೇ ಪಾವಗಡಕ್ಕೆ ಕರೆದುಕೊಂಡು ಹೋಗಿ ಬಂದಾಯಿತು ಅಂದ. ನಾನು ಬೇಡ ಅಂದ ಮೇಲಂತೂ ಅವಳು ಒಂದು ದಿನವೂ ತಡೆಯಲಿಲ್ಲವಂತೆ.

ಮೂರು ತಿಂಗಳು ನಮ್ಮ ಮನೆಗೂ ಅತ್ತೆಯ ಮನೆಗೂ ಮಾತಿಲ್ಲ. ಒಂದು ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲಿ ಎದುರುಬದುರು ಕೂತಾಗ ಅತ್ತೆ ನನ್ನ ಎಲೆಯನ್ನು ನೋಡಿದಳು, ಮುಖ ನೋಡಲಿಲ್ಲ. ನಾನು ರಾತ್ರಿ ಹಗಲು ಫೋನಿನಲ್ಲಿ ಓದುತ್ತಿದ್ದೆ, ಆದರೆ ನಾಯಿಯ ವಿಷಯವನ್ನಲ್ಲ. ಮೊದಲು ಇಂಥದನ್ನೆಲ್ಲಾ ಓದುವಾಗ ಒಗಟು ಬಿಡಿಸುವ ಖುಷಿ ಇರುತ್ತಿತ್ತು. ಈಗ ಪ್ರತಿ ಸಾಲಿನಲ್ಲೂ ಅಪ್ಪ, ಅತ್ತೆ, ಭಾವ, ನಾನು ಕೂತಿರುತ್ತಿದ್ದೆವು.

ಆಮೇಲೆ ಒಂದು ದಿನ ಅತ್ತೆ ಅಮ್ಮನಿಗೆ ಫೋನ್ ಮಾಡಿ, ನಿನ್ನ ಮಗಳಿಗೆ ಬಂದು ಮರಿ ನೋಡಲಿಕ್ಕೆ ಹೇಳು ಅಂದಳು. ಅಷ್ಟೇ ಹೇಳಿ ಇಟ್ಟಳಂತೆ. ಮರಿಗಳಿಗೆ ಆಗ ಒಂದು ತಿಂಗಳು ದಾಟಿತ್ತು.

ಹೋದೆ. ರೊಪ್ಪದ ಮೂಲೆಯಲ್ಲಿ ಗೋಣಿಚೀಲದ ಮೇಲೆ ಮರಿಗಳೆಲ್ಲಾ ಒಂದರ ಮೇಲೊಂದು ಮಲಗಿದ್ದವು. ಅವುಗಳಲ್ಲಿ ಎರಡು ಬಿಳಿ. ಅತ್ತೆ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿದ್ದಳು, ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ. ನಾನು ಏನೂ ಪರೀಕ್ಷೆ ಮಾಡಲಿಲ್ಲ, ಮಾಡುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ ತಾಯಿ ನಾಯಿ ಗುಡ್ಡದ ಕಡೆಯಿಂದ ಬೊಗಳುತ್ತಾ ಬಂತು. ಉಳಿದ ಮರಿಗಳು ದಡಬಡ ಎದ್ದು ಕುಂಯ್‌ಗುಡುತ್ತಾ ಬಾಗಿಲಿಗೆ ಓಡಿದವು. ಬಿಳಿ ಎರಡೂ ನಿದ್ದೆಯಲ್ಲೇ ಇದ್ದವು. ತಾಯಿ ಬಂದು ಮೂಗಿನಿಂದ ತಿವಿದ ಮೇಲೆ ಎದ್ದವು. ಅವುಗಳಲ್ಲಿ ಒಂದರ ಕಣ್ಣು ಕಡಲೆಕಾಳಿನಷ್ಟೇ ಇತ್ತು, ಮೊಲೆಯನ್ನು ಮೂಸಿ ಮೂಸಿ ಹುಡುಕಿತು.

"ದಿನಾ ಇಂಗೇಯ" ಅಂದಳು ಅತ್ತೆ. ತಟ್ಟೆ ಬಡಿದಾಗ ಅವೆರಡೇ ಕೂತಿದ್ದವಂತೆ. ಅವತ್ತು ಸಂತೋಷಪಟ್ಟಳಂತೆ. ಆಮೇಲೆ ತಾಯಿ ಬರುವಾಗೆಲ್ಲಾ ನೋಡಿದಳಂತೆ, ನೋಡಿ ನೋಡಿ ನನ್ನನ್ನು ಕರೆಸಿದಳಂತೆ.

ನಾನು ಮತ್ತೆ ಬಣ್ಣದ ವಿಷಯ ಶುರುಮಾಡಿದೆ. ಇದು ಮಾವ ಸೊಸೆ ಅನ್ನುವುದಕ್ಕೆ ಆದದ್ದಲ್ಲ ಅತ್ತೆ, ಎರಡೂ ಚುಕ್ಕೆಯವಾದ್ದರಿಂದ ಆದದ್ದು, ಅವತ್ತು ನಾನು ಹೇಳಿದ ಪದ ಸರಿಯಿರಲಿಲ್ಲ ಅಂದೆ. ಅತ್ತೆ ಪೂರ್ತಿ ಕೇಳಿಸಿಕೊಂಡಳು. ಕಣ್ಣು ಸಣ್ಣದಿದ್ದ ಮರಿಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

"ನನ್ ಮೊದ್ಲ ಕೂಸು ವರ್ಸ ತುಂಬೋಕೆ ಮುಂಚೆ ಹೋಯ್ತು. ಗ್ರಹಣ್ದಾಗೆ ಹೊರಗ್ ಓಡಾಡಿದ್ದಕ್ಕೆ ಅಂದ್ರು ನಮ್ಮತ್ತೆ. ಗ್ರಹಣ್ದಿಂದಲೋ, ಇಂಥದ್ರಿಂದಲೋ? ಓದಿದ್ದೀಯಲ್ಲ, ಯೋಳು."

ಅವಳಿಗೆ ಭಾವನಿಗಿಂತ ಮುಂಚೆ ಒಂದು ಹೆಣ್ಣು ಹುಟ್ಟಿತ್ತು ಅನ್ನುವುದು ನನಗೆ ಗೊತ್ತಿತ್ತು. ಅದನ್ನು ಅವಳ ಬಾಯಿಂದ ಕೇಳಿದ್ದು ಅವತ್ತೇ. ಗ್ರಹಣದಿಂದ ಹಾಗಾಗಲ್ಲ ಅತ್ತೆ, ಅದೊಂದು ಖಂಡಿತ ಅಂದೆ. ಅವಳು ಕಾಯುತ್ತಲೇ ಇದ್ದಳು. ಅರ್ಧ ಉತ್ತರ ಎಷ್ಟು ಕ್ರೂರವಾಗಿರುತ್ತದೆ ಅಂತ ಆಗ ಗೊತ್ತಾಯಿತು. ತಾನು ಹೊರಗೆ ಓಡಾಡಿದ್ದರಿಂದ ಅಲ್ಲ ಅಂದರೆ ಒಂದು ಭಾರ ಇಳಿಯುತ್ತದೆ. ಹಾಗಾದರೆ ಯಾವುದರಿಂದ ಅನ್ನುವುದು ಆ ಜಾಗದಲ್ಲಿ ಬಂದು ಕೂರುತ್ತದೆ. ಮಕ್ಕಳು ನೂರು ಕಾರಣಕ್ಕೆ ಹೋಗುತ್ತವೆ, ನನಗೆ ಗೊತ್ತಿಲ್ಲ ಅಂದೆ. ಅದು ನಿಜವೂ ಹೌದು.

ಅತ್ತೆ ಬಹಳ ಹೊತ್ತು ಮರಿಯ ಬೆನ್ನು ಸವರುತ್ತಿದ್ದಳು. ಮಗ ಅಂಗಡಿಗೆ ಬಂದು ಮಾತಾಡಿದ್ದು ತನಗೆ ಗೊತ್ತು ಅಂದಳು. ಯಾವುದೋ ಡಾಕ್ಟರ ಹತ್ತಿರ ಇಬ್ಬರೂ ಹೋಗಿ ಕೇಳಿ ಬರಬೇಕು ಅಂತ ಅವನು ಒಂದೇ ಸಮ ಹೇಳುತ್ತಿದ್ದಾನಂತೆ. ನಾಯಿ ನೋಡಿದ ಹಾಗೆ ನನ್ನ ಮಗನನ್ನೂ ನೋಡಿಸುತ್ತೀಯಾ ಅಂತ ನನ್ನನ್ನು ಬೈಯಬೇಕು ಅಂದುಕೊಂಡಿದ್ದಳಂತೆ. ಬೈಯಲಿಲ್ಲ.

"ಓಗಿ. ನಿಮ್ದು ಕೇಳ್ಕಂಡ್ ಬನ್ನಿ. ನಂದು ಮಾತ್ರ ಕೇಳ್ಬ್ಯಾಡಿ" ಅಂದಳು.

ಬರುವಾಗ ತುಪ್ಪ ಕೊಟ್ಟಳು. ಬಿಳಿ ಮರಿಗಳನ್ನು ಯಾರಿಗೂ ಕೊಡಲ್ಲ, ರೊಪ್ಪಕ್ಕೂ ಕಟ್ಟಲ್ಲ, ಮನೆಯೊಳಗೇ ಇರಲಿ ಅಂದಳು. ಇನ್ನೊಂದು ಸಲ ಚುಕ್ಕೆಗೆ ಚುಕ್ಕೆ ಮಾಡಿಸಲ್ಲ ಅಂತಲೂ ಅಂದಳು. ನಾನು ಇಷ್ಟು ದಿನ ಬಡಿದಾಡಿದ್ದು ಆ ಮಾತಿಗೇ. ಸಿಕ್ಕಾಗ ಸಂತೋಷವಾಗಲಿಲ್ಲ.

ಭಾವ ಬೆಂಗಳೂರಿನಲ್ಲಿ ಇಂಥದ್ದಕ್ಕೇ ಇರುವ ಒಬ್ಬರು ಡಾಕ್ಟರನ್ನು ವಿಚಾರಿಸಿದ. ಬರುವ ಮುಂಚೆ ಮನೆಯ ಹಿರಿಯರಿಂದ ಕೇಳಿಕೊಂಡು ಬನ್ನಿ ಅಂದರಂತೆ. ಯಾರು ಯಾರನ್ನು ಮದುವೆಯಾದರು, ಎಳೆಯದರಲ್ಲಿ ಹೋದ ಮಕ್ಕಳಿದ್ದರೆ ಏನಾಗಿತ್ತು, ಜ್ವರ ಬಂದಿತ್ತಾ, ಹಾಲು ಕುಡಿಯುತ್ತಿತ್ತಾ, ಕುತ್ತಿಗೆ ನಿಂತಿತ್ತಾ, ಕರೆದರೆ ತಿರುಗುತ್ತಿತ್ತಾ. ಅದೆಲ್ಲಾ ಗೊತ್ತಿರುವುದು ಅತ್ತೆ ಒಬ್ಬಳಿಗೇ. ಮಾವ ಇಲ್ಲ, ಅವಳ ಅತ್ತೆಯೂ ಇಲ್ಲ. ಅಪ್ಪ ಆಗ ಸಣ್ಣವನು, ಬರೀ ತೊಟ್ಟಿಲು ನೆನಪಿದೆ ಅನ್ನುತ್ತಾನೆ. ಅವಳನ್ನು ಕೇಳದೆ ನಮ್ಮದು ಗೊತ್ತಾಗುವುದಿಲ್ಲ. ಕೇಳಬೇಡಿ ಅಂದಿದ್ದಾಳೆ.

ಕೇಳೋಣ ಅಂತ ಭಾವ ಅನ್ನುತ್ತಾನೆ, ಅವನೂ ಬಾಯಿಬಿಡುವುದಿಲ್ಲ. ಕಳೆದ ಎರಡು ಭಾನುವಾರವೂ ನಾನು ಬಡವನಹಳ್ಳಿ ಬಸ್ಸು ಹತ್ತಿದೆ. ಅತ್ತೆ ಊಟಕ್ಕಿಟ್ಟಳು, ಕುರಿಗಳ ವಿಷಯ ಮಾತಾಡಿದೆವು, ವಾಪಸ್ ಬಂದೆ. ನಾಯಿಗಳಲ್ಲಾದರೆ ಮೂರು ತಲೆಮಾರು ಬೇಕು ಅಂತ ಯಾರ ಮನೆಯ ಬಾಗಿಲನ್ನಾದರೂ ತಟ್ಟಿ ಕೇಳಿಬಿಡುತ್ತಿದ್ದೆ. ಇಲ್ಲಿ ಒಬ್ಬ ತಾಯಿಯನ್ನು, ನಿನ್ನ ಕೂಸು ಕರೆದರೆ ತಿರುಗುತ್ತಿತ್ತಾ ಅಂತ ಹೇಗೆ ಕೇಳುವುದು?

ಇದನ್ನು ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಇಂಥ ಪ್ರಶ್ನೆಯನ್ನು ನಿಮ್ಮ ಮನೆಯ ಹಿರಿಯರಿಗೆ ಕೇಳಿದ್ದರೆ, ಎಲ್ಲಿ ಕೂತು, ಯಾವ ಮಾತಿನಿಂದ ಶುರುಮಾಡಿದಿರಿ, ದಯವಿಟ್ಟು ಬರೆಯಿರಿ. ನಿಮ್ಮನ್ನೇ ಯಾರಾದರೂ ಹಾಗೆ ಕೇಳಿದ್ದರೆ, ಹೇಗೆ ಕೇಳಿದ್ದರೆ ನಿಮಗೆ ನೋವಾಗುತ್ತಿರಲಿಲ್ಲ ಅನ್ನುವುದನ್ನೂ ತಿಳಿಸಿ. ಮುಂದಿನ ಭಾನುವಾರವೂ ನಾನು ಹೋಗುತ್ತಿದ್ದೇನೆ.